ಕುದಿಯದ ರುದ್ರಾಕ್ಷಿ

ಕಪಿಲೆಯ ದಡದ ಆ ಮಠದಲ್ಲಿ ನಾಲ್ಕು ರುದ್ರಾಕ್ಷಿ ಮರಗಳಿದ್ದವು. ಅವುಗಳ ಬೀಜ ಜಪಮಾಲೆಯ ಮಣಿಗೆಂದು ಹಡಗು ಹತ್ತಿ ನ್ಯೂಜಿಲೆಂಡಿನವರೆಗೂ ಹೋಗುತ್ತಿತ್ತು.

ಆ ದೇಶದವರದು ಒಂದೇ ಕಟ್ಟಪ್ಪಣೆ. ಪರದೇಶದ ಬೀಜ ತಮ್ಮ ಮಣ್ಣಲ್ಲಿ ಮೊಳೆಯಬಾರದು. ಕಳಿಸುವ ಮುಂಚೆ ಕುದಿಸಬೇಕು, ಕುದಿಸಿದವನು ಕಾಗದಕ್ಕೆ ಸಹಿ ಹಾಕಬೇಕು.

ಆ ವರ್ಷ ಕೆಲಸ ಶಿಷ್ಯ ಪಂಚಾಕ್ಷರಿಯ ಪಾಲಿಗೆ ಬಂತು. ಹಂಡೆಯ ನೀರು ಕೊತಕೊತ ಕುದಿಯಿತು. ಬೊಗಸೆ ತುಂಬ ರುದ್ರಾಕ್ಷಿ ಹಿಡಿದವನಿಗೆ ಅಜ್ಜಿಯ ಮಾತು ನೆನಪಾಯಿತು: ಅವು ರುದ್ರನ ಕಣ್ಣು, ಬೇಯಿಸಿದವನ ಕಣ್ಣೇ ಹೋಗುತ್ತದೆ.

ಕೈ ನಡುಗಿತು. ನೀರನ್ನು ಬಚ್ಚಲಿಗೆ ಚೆಲ್ಲಿ, ಬೀಜಗಳನ್ನು ಹಾಗೇ ಮೂಟೆ ಕಟ್ಟಿದ. ಕಾಗದಕ್ಕೆ ಮಾತ್ರ ಸರಸರನೆ ಸಹಿ ಹಾಕಿದ.

ಎರಡು ತಿಂಗಳಿಗೆ ಪತ್ರ ಬಂತು. ಮೂಟೆಯನ್ನು ಬಂದರಿನಲ್ಲೇ ತಡೆದಿದ್ದರು. ಹಿಡಿಯಷ್ಟು ಬೀಜವನ್ನು ಪರೀಕ್ಷೆಗೆಂದು ಮಣ್ಣಿಗೆ ಹಾಕಿದ್ದಾರಂತೆ. ಒಂದು ಮೊಳೆತರೂ ಈ ಮಠದ ಮಣಿ ಇನ್ನೆಂದೂ ಆ ದೇಶಕ್ಕೆ ಬೇಡವಂತೆ.

ಅವತ್ತಿನಿಂದ ಪಂಚಾಕ್ಷರಿಗೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಜೀವ ಬಾಯಿಗೆ ಬರುತ್ತಿತ್ತು. ಯಾರಾದರೂ ಮೊಳಕೆಕಾಳಿನ ಪಲ್ಯ ಬಡಿಸಿದರೂ ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವನದು.

ಏಳನೆಯ ದಿನ ಗುರುಗಳ ಕಾಲಿಗೆ ಬಿದ್ದ.

"ಬುದ್ಧೀ, ನಾನು ಕುದಿಸಲೇ ಇಲ್ಲ. ರುದ್ರನ ಕಣ್ಣನ್ನ ಬೇಯಿಸೋಕೆ ಭಯವಾಯ್ತು. ಸುಳ್ಳೇ ಸಹಿ ಹಾಕ್ಬಿಟ್ಟೆ."

ಗುರುಗಳು ಒಲೆ ಹಚ್ಚಿ ನೀರಿಟ್ಟರು. ಕುದಿ ಬಂದ ಮೇಲೆ, ನಲವತ್ತು ವರ್ಷದಿಂದ ಕೊರಳಲ್ಲಿದ್ದ ತಮ್ಮ ರುದ್ರಾಕ್ಷಿ ಸರವನ್ನು ತೆಗೆದು ಅದರೊಳಕ್ಕೆ ಬಿಟ್ಟರು.

"ಅಯ್ಯೋ ಬುದ್ಧೀ, ಬೇಡಿ!" ಪಂಚಾಕ್ಷರಿ ಕಣ್ಣು ಮುಚ್ಚಿಕೊಂಡ.

"ಹಾಲಾಹಲ ಕುಡಿದವನಿಗೆ ಬಿಸಿನೀರು ಏನು ಮಾಡೀತೋ, ಹುಚ್ಚಪ್ಪ?"

ಸರವನ್ನು ಸೌಟಿನಿಂದ ಎತ್ತಿ, ಆರಿದ ಮೇಲೆ ಕೊರಳಿಗೆ ಹಾಕಿಕೊಂಡರು. ಆಮೇಲೆ ಒಂದು ಹಾಳೆ, ಒಂದು ಪೆನ್ನು ತಂದು ಶಿಷ್ಯನ ಮುಂದಿಟ್ಟರು.

"ನಡೆದದ್ದನ್ನ ಬರಿ. ಇವತ್ತೇ ಅವರಿಗೆ ಹೋಗಲಿ."

"ಬರೆದರೆ ಮಠದ ಹೆಸರು ಹೋಗುತ್ತೆ, ಬುದ್ಧೀ. ಅವು ಮೊಳೆಯದೆಯೂ ಇರಬಹುದು. ಇನ್ನೊಂದು ತಿಂಗಳು ಕಾದು ನೋಡಿದ್ರೆ..."

"ಬರಿ."

ಪಂಚಾಕ್ಷರಿ ಪೆನ್ನು ಹಿಡಿದ. ಅದು ಹಾಳೆಯ ಮೇಲೆ ನಿಲ್ಲಲಿಲ್ಲ.

"ಕೈ ನಡುಗ್ತಾ ಇದೆ, ಬುದ್ಧೀ."

"ನಡುಗಲಿ ಬಿಡು. ಅವತ್ತು ಸಹಿ ಹಾಕುವಾಗ ನಡುಗದ ಕೈ ಅದು."