ನೀರಿಗೆ ಬೇಡವಾದದ್ದು ಎಣ್ಣೆಗೆ ಬೇಕು

“ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಅಮ್ಮಣ್ಣಿ ಕನಕಾಂಬೆಯವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡುತ್ತೇವೆ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ. ಹೊಂಬಳ್ಳಿ ದೊರೆಯ ಅಪ್ಪಣೆ!”

ಡಂಗುರ ಕೇಳಿ ಗಾಣಿಗರ ಚಿಕ್ಕೀರ ಅರಮನೆಗೆ ಓಡಿದ. ಅವನಿಗೆ ರಾಜ್ಯ ಬೇಕಿರಲಿಲ್ಲ. ಬೆಳಿಗ್ಗೆ ಒಗಟು ಬಿಡಿಸಲು ಹೋಗಿ ಸೋತ ಅವನ ಅಣ್ಣ ದೊಡ್ಡೀರ ಈಗ ಇಬ್ಬರು ರಾಜಕುಮಾರರ ಪಕ್ಕದಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದ.

ಕನಕಾಂಬೆ ಕೇಳಿದಳು: “ಹೊಳೆಯಲ್ಲಿ ತೊಳೆದಷ್ಟೂ ಬಿಡದು, ಗಾಣದ ಮನೆಗೆ ಹೋದರೆ ತಾನಾಗಿ ಬಿಡುತ್ತದೆ. ಏನದು?”

ಇದಕ್ಕೆ ಒಬ್ಬ ರಾಜಕುಮಾರ ಮೋಹ ಎಂದಿದ್ದ, ಇನ್ನೊಬ್ಬ ಸಂಸಾರ ಎಂದಿದ್ದ.

“ಹಲಸಿನ ಮೇಣ, ಅಮ್ಮಣ್ಣಿಯವರೇ. ಹಣ್ಣು ಬಿಡಿಸೋಕೆ ಮುಂಚೆ ಕೈಗೆ ಎಣ್ಣೆ ಸವರದವರು ಯಾರು?” ಎಂದ ಚಿಕ್ಕೀರ.

“ಸರಿ, ಎರಡನೆಯದು. ನೀರಲ್ಲಿ ಹುಟ್ಟಿದ್ದು, ಮತ್ತೆ ನೀರು ಸೇರಿದರೆ ಕಾಣೆ. ಎಣ್ಣೆಯಲ್ಲಿ ಬಿದ್ದರೆ ಮಾತ್ರ ಹಾಗೇ ಕೂರುತ್ತದೆ.”

ಕಂಬದಿಂದ ಕೂಗು ಬಂತು: “ಲೋ ತಮ್ಮಾ, ಹುರಿದ ಮೀನು ಅನ್ನಬೇಡ ಕಣೋ! ನಾನು ಅಂದು ಕೆಟ್ಟೆ!”

ಸಭೆ ನಕ್ಕಿತು. ಚಿಕ್ಕೀರನಿಗೆ ನಗು ಬರಲಿಲ್ಲ. “ಉಪ್ಪು” ಎಂದ.

“ಅದೂ ಸರಿ. ಇನ್ನು ಕೊನೆಯದು. ನೀರು, ಎಣ್ಣೆ ಇಬ್ಬರಿಗೂ ಆಗಿಬರೋದಿಲ್ಲ. ಇಬ್ಬರ ಕೈಯನ್ನೂ ಹಿಡಿಯುವ ನೆಂಟ ಯಾರು?”

ಚಿಕ್ಕೀರ ಯೋಚಿಸಿದ. ಬೆಂಕಿ ಎನ್ನೋಣವೇ? ಬೆಂಕಿ ಕಾಯಿಸುತ್ತದೆ, ಬೆರೆಸೋದಿಲ್ಲ. ತನ್ನ ಅಂಗೈ ನೋಡಿಕೊಂಡ. ದಿನವೂ ಗಾಣದಿಂದ ಎದ್ದ ಮೇಲೆ ಬರೀ ನೀರಿಗೆ ಈ ಜಿಡ್ಡು ಯಾವತ್ತು ಹೋಗಿತ್ತು?

“ಸೀಗೆಕಾಯಿ!”

“ಊಹೆ ಸಾಲದು. ಕಾರಣ ಹೇಳು.”

“ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಅಮ್ಮಣ್ಣಿ. ಅಷ್ಟೇ ಬಿಗಿ ಹಿಡಿತ ಇರುವ ಉಪ್ಪಿನ ಜೊತೆ ಅವು ಕೈ ಜೋಡಿಸುತ್ತವೆ. ಮೇಣಕ್ಕೆ, ಕರ್ಪೂರಕ್ಕೆ ಆ ಹಿಡಿತ ಇಲ್ಲ, ಅದಕ್ಕೇ ನೀರು ಅವನ್ನು ಒಳಗೆ ಬಿಡೋದಿಲ್ಲ. ಎಣ್ಣೆಯದೂ ಸಡಿಲ ಕೈ. ಸಡಿಲ ಕೈಯವು ಅಲ್ಲಿ ಕರಗುತ್ತವೆ. ಉಪ್ಪಿನ ಹರಳನ್ನು ಬಿಡಿಸೋ ಶಕ್ತಿ ಎಣ್ಣೆಗಿಲ್ಲ. ಸೀಗೆಯ ಸತ್ವಕ್ಕೆ ಒಂದು ಕಡೆ ನೀರಿನ ಗುಣ, ಇನ್ನೊಂದು ಕಡೆ ಎಣ್ಣೆಯ ಗುಣ. ಜಿಡ್ಡನ್ನು ಹಿಡಿದು ನೀರಿನ ಜೊತೆ ಕಳಿಸುತ್ತೆ.”

ದೊರೆ ಎದ್ದು ನಿಂತ. “ಸರಿ. ಏನು ಬೇಕೋ ಕೇಳು. ರಾಜ್ಯವೋ, ನನ್ನ ಮಗಳೋ?”

“ಆ ಮೂವರ ತಲೆ, ಬುದ್ಧೀ. ಅವರ ಹೆಗಲ ಮೇಲೇ ಇರಲಿ.”

ಕಟ್ಟು ಬಿಚ್ಚಿದರು. ಕನಕಾಂಬೆ ಗಾಣಿಗನನ್ನೇ ನೋಡುತ್ತಿದ್ದಳು. “ನನ್ನನ್ನೇಕೆ ಕೇಳಲಿಲ್ಲ?”

“ನಿಮ್ಮನ್ನು ದೊರೆ ಕೊಡೋದಲ್ಲ. ನೀವೇ ಹೇಳಬೇಕು.”

“ನಾಳೆ ನಿಮ್ಮ ಗಾಣ ನೋಡಲು ಬರುತ್ತೇನೆ. ಆಮೇಲೆ ಹೇಳುತ್ತೇನೆ.”

“ಹಳೇ ಸೀರೆ ಉಟ್ಕೊಂಡು ಬನ್ನಿ, ತಾಯಿ!” ಎಂದ ದೊಡ್ಡೀರ, ಮಣಿಕಟ್ಟು ಉಜ್ಜಿಕೊಳ್ಳುತ್ತಾ.

ಅವಳು ಬಂದಳು. ಆ ವರ್ಷವೇ ಮದುವೆ ಚಪ್ಪರ ಹಾಕಿದರು. ಹೊಂಬಳ್ಳಿಯಲ್ಲಿ ಒಗಟಿಗೆ ತಲೆ ಕೇಳುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.