ಕಾಲುಪೇಟಿ ಮಾಸ್ತರರ ಮುನಿಸು

ಒಂದು ನಾಟಕ ಕಂಪನಿಯಲ್ಲಿ ಫಕ್ಕೀರಪ್ಪ ಎಂಬ ಪೇಟಿ ಮಾಸ್ತರರಿದ್ದರು. ಅವರದು ಕಾಲುಪೇಟಿ, ಅಂದರೆ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ. ತಿದಿ ಒತ್ತುತ್ತಲೇ ಎರಡೂ ಕೈಯಿಂದ ನುಡಿಸಬೇಕು. ಹಾಡುವವರ ಉಸಿರು ಸೋತರೆ ಮಾಸ್ತರರ ಕಾಲು ಜೋರಾಗುತ್ತಿತ್ತು, ಸ್ವರ ತುಂಬಿಕೊಂಡು ಹಾಡನ್ನು ದಡ ಮುಟ್ಟಿಸುತ್ತಿತ್ತು. ಆಹಾ, ಅದೆಂಥ ನಾದ! ಕೇಳಿದವರೇ ಪುಣ್ಯವಂತರು.

ಒಮ್ಮೆ ತಿದಿ ಹರಿಯಿತು. ರಿಪೇರಿ ಬಲ್ಲವರು ಯಾರೂ ಉಳಿದಿರಲಿಲ್ಲ. ಮಾಲೀಕರು ಡಿಜಿಟಲ್ ಕೀಬೋರ್ಡು ತಂದರು.

"ಮಾಸ್ತರ, ಇದರಾಗ ಪೇಟಿನೂ ಐತಿ, ಆರ್ಗನ್ನೂ ಐತಿ. ಗುಂಡಿ ಒತ್ತಿದ್ರ ಸಾಕು."

ಮಾಸ್ತರರು ನುಡಿಸಿ ನೋಡಿದರು. ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಉಸಿರೇ ಇಲ್ಲ. "ಪ್ಲಾಸ್ಟಿಕ್ ಹೂವು ಇದ್ದಂಗ ಐತ್ರಿ" ಎಂದು ಮುಖ ಗಂಟು ಹಾಕಿಕೊಂಡರು.

ಅಂದೇ ಸಂಜೆ ಕಂಪನಿಯ ನಟಿ ಸರಳಾಬಾಯಿ ಗಂಟಲಿನ ಆಪರೇಷನ್ ಆದಮೇಲೆ ಮೊದಲ ಸಲ ಬಣ್ಣ ಹಚ್ಚಿದ್ದಳು. ಹಾಡು ಗೆದ್ದರೆ ಪಾರ್ಟು ಅವಳದು, ಸೋತರೆ ಇನ್ನೊಬ್ಬಳದು.

ಮೇಲಿನ ಸ್ವರಕ್ಕೆ ಬಂದಾಗ ಅವಳ ದನಿ ನಡುಗಿತು. ರೂಢಿಯಂತೆ ಮಾಸ್ತರರ ಕಾಲು ಓಡಿತು, ಬರಿ ನೆಲದ ಮೇಲೆ! ಕೀಬೋರ್ಡು ಇದ್ದಷ್ಟೇ ನುಡಿಯಿತು. ಸರಳಾ ನಡುವೆಯೇ ನಿಂತಳು. ಜನ ಗುಸುಗುಸು ಅಂದರು.

ಮಾಸ್ತರರಿಗೆ ಒಳಗೊಳಗೇ ಖುಷಿ! 'ನಾ ಹೇಳಿರ್ಲಿಲ್ಲ?' ಎಂಬಂತೆ ಮಾಲೀಕರತ್ತ ನೋಡಿದರು. ಮುನಿಸು ಕೀಬೋರ್ಡಿನ ಮೇಲೆ, ಪೆಟ್ಟು ಸರಳಾಳಿಗೆ; ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವುದು ಇದಕ್ಕೇ.

ಸರಳಾ ರಂಗದ ಅಂಚಿಗೆ ಬಂದು ಮೆಲ್ಲಗೆ ಕೇಳಿದಳು: "ಮಾಸ್ತರ, ಪೇಟಿ ಹೋತಂತ ನನ್ನೂ ಕೈಬಿಡ್ತೀರೇನ್ರಿ?"

ನಾಚಿಕೆಯಿಂದ ಮಾಸ್ತರರ ಕಣ್ಣು ತುಂಬಿತು. ಧ್ವನಿ ಏರಿಸುವ ಗುಂಡಿಯನ್ನು ಎಡಗೈಯಿಂದ ಹುಡುಕಿ ಹಿಡಿದರು. "ಹಾಡವ್ವ" ಎಂದು, ಈ ಸಲ ಅವಳ ಉಸಿರಿಗೇ ಕಿವಿಗೊಟ್ಟು ಕುಳಿತರು. ಅವಳು ಸೋತಲ್ಲಿ ಕೀಬೋರ್ಡಿನ ದನಿ ಏರಿಸಿದರು, ಅವಳು ಎದ್ದಲ್ಲಿ ಇಳಿಸಿದರು. ಸರಳಾ ಕೊನೆಯ ಸಾಲನ್ನು ಎತ್ತಿ ನಿಲ್ಲಿಸಿದಳು. ಜನ "ವನ್ಸ್ ಮೋರ್!" ಎಂದು ಕೂಗಿದರು.

ಆಟ ಮುಗಿದ ಮೇಲೆ ಮಾಸ್ತರರು ಅಂದರು: "ಆ ನಾದ ಇದಕ್ಕ ಬರೂದಿಲ್ಲವ್ವ, ಸುಳ್ಳು ಯಾಕ ಹೇಳ್ಲಿ?"

"ಬರದಿದ್ರ ಬಿಡ್ರಿ. ನಾ ಹಾಡೂದು ನಿಮಗ ಕೇಳಿಸ್ತಲ್ಲ," ಎಂದಳು ಸರಳಾ.

ನೀತಿ: ಕಳೆದುಹೋದ ನಾದಕ್ಕೆ ಮರುಗಬೇಕಾದ್ದೇ. ಆದರೆ ಆ ಮರುಕದಲ್ಲಿ ಎದುರಿಗೆ ಹಾಡುತ್ತಿರುವವರ ದನಿಗೆ ಕಿವುಡರಾಗಬಾರದು.