ಹಳೆಯ ತಂತಿಗೆ ಹೊಸ ಜೋಡಿ

ಮ್ಯಾಂಡೊಲಿನ್‌ನಲ್ಲಿ ಪ್ರತಿ ಸ್ವರಕ್ಕೂ ಎರಡೆರಡು ತಂತಿ. ಎರಡೂ ಒಂದೇ ದನಿಯಾಗಿ ನುಡಿಯಬೇಕು. ಒಂದು ದಿನ ಅಂಥ ಜೋಡಿಯಲ್ಲಿ ಒಂದು ತಂತಿ ತುಂಡಾಯಿತು. ಉಳಿದ ಹಳೆಯ ತಂತಿಗೆ ಮ್ಯಾಂಡೊಲಿನ್ ಸಂಕಟದಿಂದಲೇ ಹೇಳಿತು: "ಸಂಜೆಯೊಳಗೆ ನಿನಗೆ ಹೊಂದುವ ಜೋಡಿ ಸಿಗದಿದ್ದರೆ ನಿನ್ನನ್ನೂ ಬಿಚ್ಚಿ ಎಸೆಯುತ್ತಾರೆ, ತಾಯಿ."

ಸಂಬಂಧ ನೋಡುವ ಶಾಸ್ತ್ರ ಶುರುವಾಯಿತು. ಮೊದಲು ಬಂದದ್ದು ಚಿನ್ನದ ಬಣ್ಣದ ತಂತಿ. "ನಾನು ನುಡಿದರೆ ಮೃದಂಗವೇ ಬಾಯಿ ಮುಚ್ಚುತ್ತದೆ. ನೀವೇ ಸ್ವಲ್ಪ ಬಿಗಿದುಕೊಂಡು ನನ್ನ ಮಟ್ಟಕ್ಕೆ ಬನ್ನಿ" ಎಂದಿತು. ಹಳೆಯ ತಂತಿ ಮರ್ಯಾದೆಗೆ ಪ್ರಯತ್ನಿಸಿತು. ಇನ್ನೊಂದು ಕೂದಲೆಳೆಯಷ್ಟು ಬಿಗಿದಿದ್ದರೆ ಅದೂ ತುಂಡಾಗುತ್ತಿತ್ತು. "ಜಾತಕ ನೋಡಿ ತಿಳಿಸುತ್ತೇವೆ" ಎಂದು ಮ್ಯಾಂಡೊಲಿನ್ ಅತಿಥಿಯನ್ನು ಗೌರವದಿಂದ ಸಾಗಹಾಕಿತು.

ಆಮೇಲೆ ಬಂದದ್ದು ಸಾದಾ ಉಕ್ಕಿನ ತಂತಿ. "ಅಕ್ಕಾ, ಮೊದಲು ನೀವು ನುಡಿಯಿರಿ, ಕೇಳಿಸಿಕೊಳ್ಳುತ್ತೇನೆ" ಎಂದಿತು. ಹೊಸದಲ್ಲವೇ, ಆಗಾಗ ಶ್ರುತಿ ಜಾರುತ್ತಿತ್ತು.

"ನಾಚಿಕೆಯಾಗುತ್ತದೆ ಅಕ್ಕಾ."

"ಹೊಸದರಲ್ಲಿ ನಾನೂ ಹೀಗೇ ಜಾರುತ್ತಿದ್ದೆ ಕಣೇ. ಬಾ, ಇನ್ನೊಮ್ಮೆ."

ಸಂಜೆ ಕಚೇರಿಯಲ್ಲಿ ಎರಡೂ ಒಂದೇ ದನಿಯಾಗಿ ನುಡಿದಾಗ ಮುಂದಿನ ಸಾಲಿನ ರಸಿಕರೊಬ್ಬರು "ಆಹಾ, ಆ ತಂತಿಯದು ಎಂಥ ನಾದ!" ಎಂದರು.

"ನಿಮ್ಮನ್ನೇ ಹೊಗಳಿದ್ದು" ಎಂದಿತು ಹೊಸದು.

"ಸುಮ್ಮನಿರೇ, ನಿನ್ನನ್ನು" ಎಂದಿತು ಹಳೆಯದು.

ಎರಡರಲ್ಲಿ ಒಂದೂ ಗೆಲ್ಲಲು ಒಪ್ಪದ ಆ ಜಗಳ ಇನ್ನೂ ನಡೆದೇ ಇದೆ.